ಬೆಳಕಿನ ಸುದ್ದಿಗೆ ಒಂದು ತಿದ್ದುಪಡಿ

ವರದಿಗಾರನ ನೋಟುಪುಸ್ತಕಕ್ಕೆ ಆಯುಸ್ಸು ಕಡಿಮೆ. ಸುದ್ದಿ ಅಚ್ಚಾಗಿ ಆರು ತಿಂಗಳೊಳಗೆ ಯಾರೂ ತಕರಾರು ತೆಗೆಯದಿದ್ದರೆ ಅದು ರದ್ದಿಗೆ ಹೋಗುತ್ತದೆ. ನಾನು ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ. 1999ರ ಮೇ ತಿಂಗಳಿನಿಂದ ಆಗಸ್ಟ್‌ವರೆಗಿನ ಪುಸ್ತಕ. ಮೊದಲರ್ಧದಲ್ಲಿ ಉಡುಪಿ ಜಿಲ್ಲೆಯ ಅಪಘಾತ, ಸಭೆ, ನಿಧನ, ಮಳೆಯ ಪ್ರಮಾಣ ಇವೆ. ಉಳಿದರ್ಧದಲ್ಲೂ ಇವೇ ಇವೆ. ಆದರೆ ಅಲ್ಲಿ ಅಕ್ಷರಗಳು ಎಡಕ್ಕೆ ವಾಲಿವೆ, ಅಂಚಿನಲ್ಲಿ ಸಣ್ಣ ಸಣ್ಣ ಶಿಲುಬೆಗಳಿವೆ, ಕೆಲವು ಅಂಕಿಗಳ ಸುತ್ತ ಮೂರು ಮೂರು ವೃತ್ತಗಳಿವೆ. ಬರೆದವನು ನಾನೇ.

ಆಗ ನನಗೆ ಇಪ್ಪತ್ತಾರು ವರ್ಷ. ಒಂದು ಕನ್ನಡ ದಿನಪತ್ರಿಕೆಯ ಉಡುಪಿ ಕಚೇರಿಯಲ್ಲಿ ಕಿರಿಯ ವರದಿಗಾರ. ಗಾಂಜಾ ಸೇದುತ್ತಿದ್ದೆ, ತಲೆ ಕೆಟ್ಟಿತು, ಮಣಿಪಾಲದ ಆಸ್ಪತ್ರೆಯೊಂದರ ಮನೋರೋಗ ವಾರ್ಡಿನಲ್ಲಿ ಇಪ್ಪತ್ತೆರಡು ದಿನ ಇದ್ದೆ, ಎರಡು ವರ್ಷ ಮಾತ್ರೆ ನುಂಗಿದೆ, ಗುಣವಾದೆ. ಸುದ್ದಿಯ ಮೊದಲ ಪ್ಯಾರಾ ಇಷ್ಟೆ. ಇದರೊಳಗೆ ಇನ್ನೊಬ್ಬರ ಜೀವದ ಪ್ರಶ್ನೆಯೂ ಇತ್ತು. ಅದನ್ನು ಬಿಟ್ಟು ಬರೆದರೆ ಅರ್ಧ ಸುದ್ದಿಯಾಗುತ್ತದೆ.

ಹೊರರೋಗಿ ವಿಭಾಗದ ಬೆಂಚಿನಲ್ಲಿ ಮುಖಕ್ಕೆ ಪೇಪರ್ ಅಡ್ಡ ಹಿಡಿದು ಕುಳಿತವರನ್ನು ಈಗಲೂ ಕಾಣುತ್ತೇನೆ. ಕೆಲವರ ಕೈಯಲ್ಲಿರುವುದು ನಮ್ಮದೇ ಪೇಪರ್. ಅಡ್ಡ ಹಿಡಿದದ್ದರಲ್ಲಿ ಅವರಿಗೆ ಓದಲಿಕ್ಕೆ ಏನಾದರೂ ಇರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಕಾಪುವಿನಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಅಪ್ಪ ತೀರಿಕೊಂಡಿದ್ದರು. ಅಮ್ಮ ಶಾಲೆಯಲ್ಲಿ ಟೀಚರ್. ಕೆಲಸ ಮುಗಿಯುವಷ್ಟರಲ್ಲಿ ಬಸ್ಸು ತಪ್ಪುತ್ತದೆ ಎಂದು ಮಣಿಪಾಲದಲ್ಲಿ ಒಂದು ಕೋಣೆ ಹಿಡಿದಿದ್ದೆ. ಅಕ್ಕಪಕ್ಕದ ಕೋಣೆಗಳಲ್ಲಿ ದೂರದೂರಿನ ವಿದ್ಯಾರ್ಥಿಗಳು. ಗಾಂಜಾ ಅವರಿಂದ ಸಿಕ್ಕಿತು ಎಂದು ಬರೆದರೆ ಹೊರೆಯನ್ನು ಅವರ ತಲೆಗೆ ಇಟ್ಟಂತಾಗುತ್ತದೆ. ಅವರು ಕೊಟ್ಟದ್ದು ಒಂದು ಸಂಜೆ. ಆಮೇಲಿನ ಹತ್ತು ತಿಂಗಳು ಹುಡುಕಿಕೊಂಡು ಹೋದವನು ನಾನು.

ಮೊದಲಿಗೆ ಅದು ಕೆಟ್ಟದಾಗಿತ್ತು ಎಂದರೂ ಸುಳ್ಳೇ. ಚೆನ್ನಾಗಿತ್ತು. ನಾನು ಹುಟ್ಟಿನಿಂದ ಕಥೊಲಿಕ, ಕೊಂಕಣಿ ಮನೆಮಾತಿನವನು. ದಿನಾ ಸಂಜೆ ಅಮ್ಮನ ಜತೆ ಜಪಸರ ಹಿಡಿದು ಬೆಳೆದವನು. ಆ ಜಪ ನನಗೆ, ಯಾರೂ ಎತ್ತದ ಫೋನು ರಿಂಗಾಗುವುದನ್ನು ಕೇಳುತ್ತಾ ಕೂತಂತೆ ಇತ್ತು. ಒಂದು ಸಂಜೆ ಮಣಿಪಾಲದ ಗುಡ್ಡದ ಅಂಚಿನಲ್ಲಿ ಕೂತು, ಕೆಳಗೆ ಸ್ವರ್ಣಾ ಹೊಳೆಯ ನೀರು ನೋಡುತ್ತಾ, ಸೇದಿದ ತಲೆಯಲ್ಲಿ ಜಪ ಹೇಳಿದೆ. ಆ ಕಡೆ ಯಾರೋ ಫೋನು ಎತ್ತಿದರು. ಒಂದೊಂದು ಮಣಿಯೂ ಬೆಚ್ಚಗಿತ್ತು. ನಾನು ಅತ್ತೆ.

ದೇವರು ಹತ್ತಿರ ಬಂದ ಎಂದುಕೊಂಡೆ. ಹತ್ತಿರ ಬಂದದ್ದು ಎಲ್ಲವೂ ಎಂದು ತಿಳಿಯಲು ತಡವಾಯಿತು. ಬಸ್ಸಿನ ಹಾರ್ನ್, ಫ್ಯಾಕ್ಸ್ ಯಂತ್ರದ ಸದ್ದು, ಉಡುಪಿಯ ಬನ್ನಂಜೆಯಲ್ಲಿ ಗೋಡೆಯ ಮೇಲಿನ ಬಣ್ಣದ ಜಾಹೀರಾತು, ಎಲ್ಲವೂ ನನ್ನನ್ನೇ ಕರೆದು ಏನೋ ಹೇಳುವಂತೆ ಆಯಿತು.

ನಮ್ಮ ಮನೆಯಲ್ಲಿ ಗುರುವಾರ ಸಂಜೆ ನಾಲ್ಕಕ್ಕೆ ಪ್ರಾರ್ಥನಾ ಕೂಟ ಸೇರುತ್ತಿತ್ತು. ಹದಿನೈದು ಇಪ್ಪತ್ತು ಮಂದಿ. ಹಾಡು, ಜಪ, ಆಮೇಲೆ ಸಾಕ್ಷ್ಯ. ದೇವರಿಂದ ಏನಾದರೂ ಒಳಿತಾದವರು ಮನೆಯ ದೇವಪೀಠ ಅಲ್ತಾರಿನ ಪಕ್ಕದಲ್ಲಿರುವ ಅಜ್ಜನ ಕಾಲದ ಕುರ್ಚಿಯಲ್ಲಿ ಕೂತು ಅದನ್ನು ಎಲ್ಲರ ಮುಂದೆ ಹೇಳಬೇಕು. ಸಾಕ್ಷ್ಯ ಮುಗಿದ ಕೂಡಲೇ ಮನೆಯ ಯಜಮಾನತಿ ಕೃತಜ್ಞತೆಯ ಹಾಡು ಎತ್ತಿಕೊಳ್ಳಬೇಕು, ಉಳಿದವರು ಸೇರಿಸಿಕೊಳ್ಳಬೇಕು. ಹಾಡಿಲ್ಲದೆ ಸಾಕ್ಷ್ಯ ಪೂರ್ತಿಯಾಗುವುದಿಲ್ಲ. ಹಾಡು ಎತ್ತುವವರು ನನ್ನ ಅಮ್ಮ.

ಆ ವರ್ಷ ಮೇ ತಿಂಗಳಿನ ಒಂದು ಗುರುವಾರ ನಾನು ಆ ಕುರ್ಚಿಯಲ್ಲಿ ಕೂತೆ. ನನಗೆ ಬೆಳಕು ಕಾಣುತ್ತದೆ, ಜನರ ತಲೆಯ ಸುತ್ತ ಕಾಣುತ್ತದೆ, ಅವರ ನೋವು ಎಲ್ಲಿದೆ ಎಂದು ತಿಳಿಯುತ್ತದೆ ಎಂದೆ. ಗಾಂಜಾದ ಮಾತು ಎತ್ತಲಿಲ್ಲ. ಅದು ಬಾಗಿಲು ಮಾತ್ರ, ಒಳಗಿರುವುದು ಬೇರೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದೆ.

ಅಮ್ಮನಿಗೆ ಅದುವರೆಗೆ ನನ್ನ ಬಗ್ಗೆ ಹೇಳಿಕೊಳ್ಳಲು ಹೆಚ್ಚೇನೂ ಇರಲಿಲ್ಲ. ಬೇರೆಯವರ ಮಕ್ಕಳು ಕುವೈಟ್‌ನಲ್ಲಿದ್ದರು. "ಸ್ಟ್ಯಾನಿ ಪೇಪರಿನಲ್ಲಿ ಉಂಟು" ಎಂದು ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. ಆ ದಿನದಿಂದ ಚರ್ಚಿನ ಅಂಗಳದಲ್ಲಿ ಅವರ ದನಿ ಏರಿತು. "ನಮ್ಮ ಸ್ಟ್ಯಾನಿಗೆ ವರ ಸಿಕ್ಕಿದೆ."

ಎರಡು ವಾರ ಕಳೆದು ಜುಲಿಯಾನಾ ಬಾಯಿ ನನ್ನ ಮುಂದೆ ಮಂಡಿಯೂರಿದರು. ಹಿರಿಯ ಹೆಂಗಸರನ್ನು ನಾವು ಬಾಯಿ ಎಂದು ಕರೆಯುತ್ತೇವೆ. ನಮ್ಮ ಮನೆಯ ಹಿಂದಿನ ಓಣಿಯವರು. ನಲವತ್ತೈದು ದಾಟಿದ, ಮದುವೆಯಾಗದ ಟೈಲರ್. ಮಕ್ಕಳು ಚರ್ಚಿನಲ್ಲಿ ಮೊದಲ ಸಲ ಪರಮ ಪ್ರಸಾದ ಪಡೆಯುವ ದಿನದ ಬಿಳಿ ಫ್ರಾಕುಗಳನ್ನು ಕಾಪುವಿನಲ್ಲಿ ಅವರಷ್ಟು ಚಂದ ಹೊಲಿಯುವವರಿರಲಿಲ್ಲ. ಹದಿನೆಂಟನೆಯ ವಯಸ್ಸಿನಿಂದ ಅವರಿಗೆ ಫಿಟ್ಸ್. ದಿನಕ್ಕೆ ಎರಡು ಹೊತ್ತು ಮಾತ್ರೆ ತೆಗೆದುಕೊಳ್ಳುತ್ತಿದ್ದುದರಿಂದ ಎಷ್ಟೋ ವರ್ಷ ಬಿದ್ದಿರಲಿಲ್ಲ.

ತಲೆಯ ಮೇಲೆ ಕೈಯಿಟ್ಟೆ. "ಬಾಯಿ, ನಿಮ್ಮ ತಲೆಯ ಸುತ್ತ ಇದ್ದ ಕತ್ತಲೆ ಹೋಯಿತು. ಇನ್ನು ಮಾತ್ರೆ ಬೇಡ."

"ಖಂಡಿತವಾ, ಸ್ಟ್ಯಾನಿ?"

"ನಾನು ಹೇಳುವುದಲ್ಲ ಬಾಯಿ. ಅವನು ಹೇಳುವುದು."

ಅಮ್ಮ ಹಾಡು ಎತ್ತಿಕೊಂಡರು.

ನೋಟುಪುಸ್ತಕದಲ್ಲಿ ಆ ದಿನದ ನಮೂದು ಹೀಗಿದೆ: "ಗುರುವಾರ. ಕಾಪು. ಜು. ಬಾಯಿ. ಬೆಳಕು ಸ್ಪಷ್ಟ. ಮಾತ್ರೆ ನಿಲ್ಲಿಸಲು ತಿಳಿಸಲಾಯಿತು."

ಭಟ್ಟರು ಇದನ್ನು ನೋಡಿದ್ದರೆ ಕೆಂಪು ಪೆನ್ನಿನಲ್ಲಿ "ಯಾರು ತಿಳಿಸಿದ್ದು?" ಎಂದು ಬರೆಯುತ್ತಿದ್ದರು.

ಭಟ್ಟರು ಎಂದರೆ ನಮ್ಮ ಉಡುಪಿ ಕಚೇರಿಯ ಮುಖ್ಯಸ್ಥರು. ನನಗೆ ಕೆಲಸ ಕಲಿಸಿದವರು. ಬೆಳಿಗ್ಗೆ ಹತ್ತಕ್ಕೆ ಜಿಲ್ಲೆಯ ಪೊಲೀಸ್ ಠಾಣೆಗಳಿಗೆಲ್ಲ ಫೋನು ಮಾಡಿ "ಎಂತಾದರೂ ವಿಶೇಷ ಉಂಟಾ?" ಎಂದು ಕೇಳುವುದು ನನ್ನ ಮೊದಲ ಕೆಲಸ. "ವಿಶೇಷ ಇಲ್ಲ" ಎಂಬ ಉತ್ತರ ಬಂದರೆ ಹೊಸಬನಾಗಿದ್ದ ನಾನು ಮುಖ ಸಣ್ಣ ಮಾಡುತ್ತಿದ್ದೆ. "ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ ಮಾರಾಯ" ಎನ್ನುತ್ತಿದ್ದರು ಭಟ್ಟರು. "ಯಾರೂ ಸಾಯಲಿಲ್ಲ, ಯಾರೂ ಹೊಡೆದುಕೊಳ್ಳಲಿಲ್ಲ. ಅದನ್ನೂ ಬರೆದಿಡು."

ತಿದ್ದುಪಡಿಯ ವಿಷಯದಲ್ಲಿ ಅವರದು ಕಟ್ಟುನಿಟ್ಟು. ತಪ್ಪು ಯಾವ ಪುಟದಲ್ಲಿ ಬಂದಿತ್ತೋ ತಿದ್ದುಪಡಿ ಅದೇ ಪುಟದಲ್ಲಿ ಬರಬೇಕು. ಮುಖಪುಟದ ತಪ್ಪನ್ನು ಏಳನೆಯ ಪುಟದ ಮೂಲೆಯಲ್ಲಿ ತಿದ್ದುವಂತಿಲ್ಲ. ತಪ್ಪು ಯಾವುದು, ಸರಿ ಯಾವುದು, ವಿಷಾದ. ಮೂರು ವಾಕ್ಯ. ಕಾರಣ ಬರೆಯುವ ಹಾಗಿಲ್ಲ. "ನಿನ್ನ ಕಾರಣ ಕಟ್ಟಿಕೊಂಡು ಓದುವವರಿಗೆ ಎಂತ ಆಗಬೇಕು?"

ಜುಲೈ ಹೊತ್ತಿಗೆ ನನಗೆ ನಿದ್ದೆ ಬಿಟ್ಟುಹೋಗಿತ್ತು. ಬೆಳಕು ಆಗ ಬೇರೆಯಾಗಿತ್ತು. ಮೊದಲು ಸುಮ್ಮನೆ ಇದ್ದದ್ದು ಈಗ ಅಪ್ಪಣೆ ಕೊಡುತ್ತಿತ್ತು. ಊಟ ಬಿಡು ಎಂದಿತು, ಬಿಟ್ಟೆ. ಎಡಗಡೆಯ ಮೆಟ್ಟಿಲು ತುಳಿಯಬೇಡ ಎಂದಿತು, ತುಳಿಯಲಿಲ್ಲ. ಜಪಸರ ಮುಟ್ಟಲು ಹೆದರಿಕೆಯಾಗುತ್ತಿತ್ತು. ಮಣಿಗಳು ಎಣಿಕೆ ತಪ್ಪಿದರೆ ಯಾರೋ ಸಾಯುತ್ತಾರೆ ಎಂಬ ಭಯ. ಸೇದಿದರೆ ಭಯ ಹೆಚ್ಚುತ್ತಿತ್ತು, ಸೇದದಿದ್ದರೆ ಬೆಳಕು ಬಿಟ್ಟುಹೋಗುತ್ತದೆ ಎಂಬ ಇನ್ನೊಂದು ಭಯ. ದೇವರ ಬಗ್ಗೆ ಸೂಕ್ಷ್ಮವಾಗುತ್ತಿದ್ದೇನೆ ಎಂದುಕೊಂಡವನಿಗೆ ಎದುರಿಗೆ ಕೂತ ಭಟ್ಟರು ಏನು ಕೇಳುತ್ತಿದ್ದಾರೆ ಎಂದೇ ತಿಳಿಯುತ್ತಿರಲಿಲ್ಲ.

ಮಳೆಗಾಲದಲ್ಲಿ ತಾಲೂಕುವಾರು ಮಳೆಯ ಪ್ರಮಾಣ ಬರೆಯುವುದೂ ನನ್ನ ಕೆಲಸವೇ. ಮಿಲಿಮೀಟರಿನಲ್ಲಿ, ಒಂದು ದಶಮಾಂಶದವರೆಗೆ. ನನಗೆ ಆ ಅಂಕಿಗಳು ಧರ್ಮಗ್ರಂಥದ ಅಧ್ಯಾಯ, ವಾಕ್ಯಗಳಾಗಿ ಕಾಣತೊಡಗಿದವು. ದಶಮಾಂಶ ಬಿಂದುವಿನ ಮೊದಲಿನದು ಅಧ್ಯಾಯ, ನಂತರದ್ದು ವಾಕ್ಯ. ಉಡುಪಿಯ ಮಳೆ ನನಗೊಂದು ವಾಕ್ಯ ಕಳುಹಿಸುತ್ತಿತ್ತು, ಕುಂದಾಪುರದ ಮಳೆ ಇನ್ನೊಂದು. ಅದು ಆಗ ಎಷ್ಟು ಸಹಜವಾಗಿತ್ತು ಎಂದು ಈಗ ವಿವರಿಸಲಾರೆ.

ಒಂದು ದಿನ ಕಾರ್ಕಳದಲ್ಲಿ ಮಳೆಯೇ ಬರಲಿಲ್ಲ. ಅಲ್ಲಿಂದ ಸೊನ್ನೆ ಎಂದು ತಿಳಿಸಿದರು. ಉಡುಪಿಯ ಅಂಕಿಯನ್ನೇ ಕಾರ್ಕಳಕ್ಕೂ ಬರೆದು ಕಳುಹಿಸಿದೆ. ಮರುದಿನ ಕಾರ್ಕಳದ ತಾಲೂಕು ಕಚೇರಿಯ ಗುಮಾಸ್ತರು ಭಟ್ಟರಿಗೆ ಫೋನು ಮಾಡಿದರು. ದೊಡ್ಡ ಸ್ವರದವರು, ಅವರು ಹೇಳಿದ್ದು ನನಗೂ ಕೇಳಿಸಿತು. "ಎಂತ ಮಾರಾಯ್ರೆ ನಿಮ್ಮ ಪೇಪರು? ನಿನ್ನೆ ನಾವು ಇಲ್ಲಿ ಅಂಗಳದಲ್ಲಿ ಹಪ್ಪಳ ಒಣಗಿಸಿದ್ದೇವೆ."

ಭಟ್ಟರು ಫೋನು ಇಟ್ಟು ನನ್ನ ಕಡೆ ತಿರುಗಿದರು. "ಈ ಅಂಕಿ ಎಲ್ಲಿಂದ ಬಂತು?"

"ಸೊನ್ನೆಯ ಅಧ್ಯಾಯ ಇಲ್ಲ ಅಲ್ವಾ, ಸರ್" ಎಂದೆ.

ಅವರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಬೈಯಲಿಲ್ಲ. ತಿದ್ದುಪಡಿಯ ಮೂರು ವಾಕ್ಯಗಳನ್ನು ತಾವೇ ಬರೆದು ಮೇಜಿನ ಮೇಲಿಟ್ಟರು. ಆಮೇಲೆ ಸ್ಕೂಟರಿನ ಕೀ ಎತ್ತಿಕೊಂಡರು. "ನನಗೆ ಮಣಿಪಾಲದಲ್ಲಿ ಬಿ.ಪಿ. ತೋರಿಸಲಿಕ್ಕೆ ಉಂಟು. ಜತೆಗೆ ಬಾ. ಒಬ್ಬನೇ ಹೋದರೆ ಮನೆಯಲ್ಲಿ ಬೈಯುತ್ತಾರೆ."

ಆಸ್ಪತ್ರೆಯ ಬೆಂಚಿನಲ್ಲಿ ಒಂದೂವರೆ ಗಂಟೆ ಕೂತೆವು. ನಾನು ಅವರ ಬಿ.ಪಿ.ಗಾಗಿ ಮನಸ್ಸಿನಲ್ಲೇ ಪ್ರಾರ್ಥಿಸುತ್ತಿದ್ದೆ. ಒಳಗಿನಿಂದ ಹೆಸರು ಕೂಗಿದರು. ನನ್ನ ಹೆಸರು.

ಭಟ್ಟರು ನನ್ನ ಮೊಣಕೈ ಹಿಡಿದುಕೊಂಡರು. "ಸುಳ್ಳು ಹೇಳಿದ್ದು ಹೌದು. ನಾಳೆ ಅದಕ್ಕೂ ತಿದ್ದುಪಡಿ ಹಾಕುವ. ಈಗ ನಡಿ."

ವೈದ್ಯೆ ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಬೆಳಕಿನ ವಿಷಯ ಪೂರ್ತಿ ಹೇಳಲು ಬಿಟ್ಟರು, ನಡುವೆ ನಗಲಿಲ್ಲ. ಸಂಜೆ ಕಾಪುವಿನಿಂದ ಅಮ್ಮ ಬಂದರು. "ಸೇದುವ ಅಭ್ಯಾಸ ಏನಾದರೂ ಉಂಟಾ?" ಎಂದು ವೈದ್ಯೆ ಕೇಳಿದಾಗ ಅಮ್ಮನೇ ಮೊದಲು ಬಾಯಿ ತೆರೆದರು. "ನಮ್ಮ ಮನೆಯಲ್ಲಿ ಬೀಡಿಯೂ ಇಲ್ಲ ಡಾಕ್ಟ್ರೇ. ಇವನಿಗೆ ವರ ಸಿಕ್ಕಿದೆ. ಆಸ್ಪತ್ರೆ ಯಾಕೆ, ಫಾದರ್ ಹತ್ತಿರ ಕರೆದುಕೊಂಡು ಹೋಗುತ್ತೇನೆ."

"ಸೇದುತ್ತೇನೆ, ಅಮ್ಮ" ಎಂದೆ. "ಗಾಂಜಾ. ಹತ್ತು ತಿಂಗಳಿಂದ."

ಅಷ್ಟು ಹೊತ್ತಿನಲ್ಲಿ ನನ್ನ ಬಾಯಿಂದ ಬಂದ ಒಂದೇ ನೆಟ್ಟಗಿನ ವಾಕ್ಯ ಅದು. ಅಮ್ಮ ತಮ್ಮ ಕೈಚೀಲದ ಜಿಪ್ ಎಳೆದು ಮುಚ್ಚಿದರು, ತೆರೆದರು, ಮುಚ್ಚಿದರು.

"ನಿಮ್ಮ ದೇವರ ಬಗ್ಗೆ ನಾನು ಏನೂ ಹೇಳುವುದಿಲ್ಲ" ಎಂದರು ವೈದ್ಯೆ. "ಅದು ನನ್ನ ಕೆಲಸ ಅಲ್ಲ. ಮಗ ನಿದ್ದೆ ಮಾಡದೆ ಎಷ್ಟು ದಿನ ಆಯಿತು, ಅದು ಹೇಳಿ."

ಅಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದೇ ಅವರನ್ನು ಕೂರಿಸಿತು. ಅಂದೇ ದಾಖಲಾದೆ.

ಮೊದಲ ವಾರದ ನೆನಪು ತುಣುಕು ತುಣುಕಾಗಿದೆ. ನಾಲಿಗೆ ಸದಾ ಒಣಗುತ್ತಿತ್ತು. ಕೈ ನಡುಗಿ ಲೋಟ ಹಿಡಿಯಲಾಗುತ್ತಿರಲಿಲ್ಲ. ಪಕ್ಕದ ಮಂಚದಲ್ಲಿ ಕಟ್ಟಡ ಕೆಲಸದ ಬಸಪ್ಪ ಎಂಬವರಿದ್ದರು, ಗದಗ ಕಡೆಯವರು. ಅವರ ಹೆಂಡತಿ ಯಲ್ಲವ್ವ ಗಂಡನಿಗೆ ಚಹಾ ಕುಡಿಸಿ, ಕೇಳದೆಯೇ ಬಂದು ನನ್ನ ಲೋಟವನ್ನೂ ಹಿಡಿದುಕೊಳ್ಳುತ್ತಿದ್ದರು. ಒಂದು ದಿನ ಅವರ ತಲೆಯ ಸುತ್ತ ಬೆಳಕು ಕಾಣುತ್ತದೆ ಎಂದೆ.

"ಹಿಂದ ಕಿಟಕಿ ಐತಿ ನೋಡ್ರಿ ಅಣ್ಣಾರ" ಎಂದರು ಯಲ್ಲವ್ವ. "ಚಾ ಕುಡೀರಿ, ಆರತೈತಿ."

ತಿರುಗಿ ನೋಡಿದೆ. ಕಿಟಕಿ ಇತ್ತು. ಮೂರು ತಿಂಗಳಲ್ಲಿ ನಾನು ಪರಿಶೀಲಿಸಿದ ಮೊದಲ ಸಂಗತಿ ಅದು.

ಎರಡನೆಯ ವಾರ ನಿದ್ದೆ ಬಂತು. ಬೆಳಕು ಹೋಯಿತು. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ: ಅದು ಹೋದಾಗ ದುಃಖವಾಗುತ್ತದೆ. ಸುಳ್ಳಾಗಿದ್ದರೂ ಅದು ನನ್ನ ಹೆಸರು ಹಿಡಿದು ಕರೆದಿತ್ತು. ಈಗ ಫ್ಯಾನು ಫ್ಯಾನಾಗಿತ್ತು, ಗೋಡೆ ಗೋಡೆಯಾಗಿತ್ತು. ಪ್ರಾರ್ಥಿಸಲು ಕೂತರೆ ಮೊದಲಿನದೇ, ಯಾರೂ ಎತ್ತದ ಫೋನು.

ಎಷ್ಟು ಗಂಟೆ ಮಲಗಿದೆ ಎಂದು ದಿನಾ ಬರೆದಿಡಲು ವೈದ್ಯೆ ಹೇಳಿದರು. ಅಮ್ಮ ನನ್ನ ಕೋಣೆಯಿಂದ ಬಟ್ಟೆಗಳ ಜತೆ ಈ ನೋಟುಪುಸ್ತಕ ತಂದುಕೊಟ್ಟರು. ಹದಿನಾಲ್ಕನೆಯ ದಿನ ಅದನ್ನು ಮೊದಲಿನಿಂದ ಓದಿದೆ, ಹೊಸ ವರದಿಗಾರನ ಕಾಪಿ ತಿದ್ದುವವನಂತೆ. ಕಾರ್ಕಳದ ಮಳೆ ದಾಟುವಾಗ ನಗು ಬಂತು. ಆಗಲೇ ಓದಿ ದಾಟಿದ್ದ ಒಂದು ನಮೂದಿಗೆ ಪುಟ ಹಿಂದೆ ತಿರುಗಿಸಿದೆ. "ಜು. ಬಾಯಿ. ಬೆಳಕು ಸ್ಪಷ್ಟ. ಮಾತ್ರೆ ನಿಲ್ಲಿಸಲು ತಿಳಿಸಲಾಯಿತು."

"ಅಮ್ಮ, ಜುಲಿಯಾನಾ ಬಾಯಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ?"

ಕಿತ್ತಳೆ ಸುಲಿಯುತ್ತಿದ್ದ ಅಮ್ಮನ ಕೈ ನಿಂತಿತು. "ಇಲ್ಲ ಕಾಣುತ್ತದೆ. ನೀನೇ ಬೇಡ ಎಂದೆಯಲ್ಲ. ಅವಳು ಕಾರ್ಕಳದಲ್ಲಿದ್ದಾಳೆ, ಅಣ್ಣನ ಮನೆಯಲ್ಲಿ, ಹೊಲಿಗೆ ಕೆಲಸ ಉಂಟು ಎಂದು. ಚೆನ್ನಾಗಿಯೇ ಇದ್ದಾಳಂತೆ. ಬಾವಿಕಟ್ಟೆಯಲ್ಲಿ ಪಾಚಿಗೆ ಜಾರಿ ಬಿದ್ದು ಹಣೆಗೆ ಹೊಲಿಗೆ ಹಾಕಿದ್ದಾರೆ, ಅಷ್ಟೆ."

ಮಳೆಗಾಲ. ಪಾಚಿಗೆ ಜಾರುವುದು ಸುದ್ದಿಯೇ ಅಲ್ಲ. ಆದ್ದರಿಂದಲೇ ಯಾರೂ ಎರಡನೆಯ ಪ್ರಶ್ನೆ ಕೇಳಿರಲಿಲ್ಲ.

ಅಮ್ಮನ ಜತೆ ವೈದ್ಯೆಯ ಕೋಣೆಗೆ ಹೋಗಿ ಆ ಪುಟ ತೆರೆದು ತೋರಿಸಿದೆ. ಅವರು ಓದಿದರು. "ಇದನ್ನು ಇವತ್ತೇ ಅವರಿಗೆ ತಿಳಿಸಬೇಕು. ಆ ಮಾತ್ರೆ ಹೀಗೆ ನಿಲ್ಲಿಸುವುದು ಅಪಾಯ. ತಾವಾಗಿಯೇ ಹಳೆಯದನ್ನು ಶುರು ಮಾಡುವುದೂ ಬೇಡ. ಮೊದಲು ಡಾಕ್ಟರಿಗೆ ತೋರಿಸಲಿ. ನಿಮ್ಮ ಅಮ್ಮ ಹೋಗಿ ಹೇಳಲಿ."

"ಅಮ್ಮ ಹೇಳಿದರೆ ಅವರು ಕೇಳುವುದಿಲ್ಲ ಡಾಕ್ಟ್ರೇ. ಅವರು ನಂಬಿದ್ದು ನನ್ನನ್ನು."

ಅವರು ನನ್ನನ್ನು ನೋಡಿದರು, ಅಮ್ಮನನ್ನು ನೋಡಿದರು, ಒಂದು ಚೀಟಿ ಬರೆದರು. ಅಮ್ಮನ ಜತೆಯಲ್ಲಿ ಹೋಗಿ ಸಂಜೆ ಐದರೊಳಗೆ ಹಿಂದಿರುಗುವ ಅನುಮತಿ. ಕಾರ್ಕಳದ ಒಬ್ಬ ಡಾಕ್ಟರಿಗೆ ಇನ್ನೊಂದು ಚೀಟಿ ಬರೆದುಕೊಟ್ಟರು.

ಹಿರಿಯಡ್ಕ, ಬೈಲೂರು ದಾಟಿ ಕಾರ್ಕಳದ ಬಸ್ಸು. ದಾರಿಯುದ್ದಕ್ಕೂ ಅಮ್ಮ ಕಿಟಕಿಯ ಕಡೆ ಮುಖ ಮಾಡಿದ್ದರು. ಬೈಲೂರಿನ ಹತ್ತಿರ ಬಸ್ಸಿನ ಸದ್ದಿನ ನಡುವೆ ಹೇಳಿದರು: "ಅವತ್ತು ಹಾಡು ಎತ್ತಿದ್ದು ನಾನು." ನಾನೊಬ್ಬನೇ ತಪ್ಪು ಮಾಡಿದ್ದೇನೆ ಎಂಬ ನನ್ನ ಲೆಕ್ಕಾಚಾರದಲ್ಲಿ ಅವರ ಹೆಸರು ಇರಲಿಲ್ಲ.

ಜುಲಿಯಾನಾ ಬಾಯಿ ಅಣ್ಣನ ಮನೆಯ ಚಾವಡಿಯಲ್ಲಿ ಹೊಲಿಗೆ ಯಂತ್ರದ ಮುಂದಿದ್ದರು. ಹಣೆಯ ಮೇಲೆ ಪಟ್ಟಿ. ನನ್ನನ್ನು ಕಂಡು ಎದ್ದು ನಿಂತರು. ಆ ಎದ್ದು ನಿಂತ ಬಗೆಯಲ್ಲಿ ಗೌರವ ಇತ್ತು. ಅದು ನನಗೆ ಚುಚ್ಚಿತು.

"ಬಾಯಿ, ಪಾಚಿಗೆ ಜಾರಿದ್ದಾ?"

ಅವರು ಒಳಬಾಗಿಲ ಕಡೆ ನೋಡಿದರು. ಅಣ್ಣನ ಮನೆಯವರು ಯಾರೂ ಹತ್ತಿರ ಇರಲಿಲ್ಲ. "ಯಾರಿಗೂ ಹೇಳಬೇಡ, ಸ್ಟ್ಯಾನಿ" ಎಂದರು. "ಎರಡು ಸಲ ಬಂತು. ಒಂದು ಸಲ ಬಾವಿಕಟ್ಟೆಯಲ್ಲಿ, ಇನ್ನೊಂದು ಸಲ ಸ್ನಾನದ ಕೋಣೆಯಲ್ಲಿ. ನನ್ನ ವಿಶ್ವಾಸ ಸಾಲಲಿಲ್ಲ. ದೇವರು ಕೊಟ್ಟದ್ದನ್ನು ಹಿಡಿದುಕೊಳ್ಳುವ ಯೋಗ್ಯತೆ ನನಗಿಲ್ಲ. ದಿನಾ ಉಪವಾಸ ಮಾಡುತ್ತಿದ್ದೇನೆ."

ಬಾವಿಕಟ್ಟೆಯಲ್ಲಿ. ಒಂದು ಅಡಿ ಆ ಕಡೆ ಬಿದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಬರೆಯಲು ಮುಖ ಇರುತ್ತಿರಲಿಲ್ಲ.

"ನಿಮ್ಮ ವಿಶ್ವಾಸದಲ್ಲಿ ತಪ್ಪಿಲ್ಲ, ಬಾಯಿ. ನಾನು ಕೊಟ್ಟ ಸುದ್ದಿ ತಪ್ಪು. ನಾನು ಗಾಂಜಾ ಸೇದುತ್ತಿದ್ದೆ. ಕಾಯಿಲೆಯಾಗಿತ್ತು. ಈಗ ಮಣಿಪಾಲದ ವಾರ್ಡಿನಿಂದ ಬಂದಿದ್ದೇನೆ, ಐದಕ್ಕೆ ಹಿಂದೆ ಹೋಗಬೇಕು. ನಿಮ್ಮ ತಲೆಯ ಸುತ್ತ ನಾನು ಕಂಡದ್ದು ದೇವರದ್ದಲ್ಲ."

ಅವರು ಯಂತ್ರದ ಚಕ್ರದ ಮೇಲೆ ಕೈಯಿಟ್ಟರು. "ಅವತ್ತು ನನಗೆ ಎಷ್ಟು ಸಮಾಧಾನ ಆಗಿತ್ತು ಗೊತ್ತುಂಟಾ? ಇಪ್ಪತ್ತೇಳು ವರ್ಷದಲ್ಲಿ ಅಂಥ ಸಮಾಧಾನ ಆಗಿರಲಿಲ್ಲ. ಅದೂ ಸುಳ್ಳಾ?"

"ಅದು ನನಗೆ ಗೊತ್ತಿಲ್ಲ. ಮಾತ್ರೆಯ ವಿಷಯ ಮಾತ್ರ ಗೊತ್ತುಂಟು. ಅದು ತಪ್ಪು."

"ಮೊದಲು ಅವನು ಹೇಳಿದ್ದು ಎಂದೆ. ಈಗ ಯಾರು ಹೇಳುವುದು?"

"ನಾನು. ಸ್ಟ್ಯಾನಿ. ಮತ್ತು ಡಾಕ್ಟರು." ವೈದ್ಯೆಯ ಇನ್ನೊಂದು ಚೀಟಿಯನ್ನು ಮುಂದೆ ಚಾಚಿದೆ.

ಅವರು ಚೀಟಿ ತೆಗೆದುಕೊಳ್ಳಲಿಲ್ಲ. ಅದನ್ನು ನನ್ನ ಕೈಯಿಂದ ತೆಗೆದುಕೊಂಡವರು ಅಮ್ಮ. "ಜೂಲಿ, ಸೀರೆ ಉಟ್ಟುಕೋ" ಎಂದರು, ಕ್ಲಾಸಿನಲ್ಲಿ ಹೇಳುವ ದನಿಯಲ್ಲಿ. "ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಉಪವಾಸ ಸಾಕು. ಮೊದಲು ಏನಾದರೂ ತಿನ್ನು."

ಜುಲಿಯಾನಾ ಬಾಯಿ ಅತ್ತರು. ಆಮೇಲೆ ಒಳಗೆ ಹೋಗಿ ಸೀರೆ ಉಟ್ಟುಕೊಂಡು ಬಂದರು. ಕಾರ್ಕಳದ ಆ ಡಾಕ್ಟರರ ಕೋಣೆಯ ಹೊರಗಿನ ಬೆಂಚಿನಲ್ಲಿ ಮೂವರೂ ಕೂತೆವು. ಮಾತ್ರೆ ಮತ್ತೆ ಶುರುವಾಯಿತು. ನಾವು ಐದಕ್ಕೆ ಹತ್ತು ನಿಮಿಷ ಇರುವಾಗ ವಾರ್ಡಿಗೆ ತಲುಪಿದೆವು.

ಎಂಟು ದಿನ ಕಳೆದು ಮನೆಗೆ ಕಳುಹಿಸಿದರು. ಬರುವ ಗುರುವಾರ ಕೂಟದಲ್ಲಿ ಕುರ್ಚಿಯಲ್ಲಿ ಕೂರುತ್ತೇನೆ ಎಂದೆ. ಅಮ್ಮ ಒಪ್ಪಲಿಲ್ಲ.

"ಜುಲಿಯಾನಾಗೆ ಹೇಳಿ ಆಯಿತಲ್ಲ. ಅವಳು ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಇನ್ನು ಊರಿಗೆಲ್ಲ ಯಾಕೆ? ಜ್ವರ ಬಂದಿತ್ತು ಎಂದು ಹೇಳಿದ್ದೇನೆ. ಜ್ವರವೇ ಇರಲಿ."

"ತಪ್ಪು ಆ ಕುರ್ಚಿಯಲ್ಲಿ ಬಂದದ್ದು ಅಮ್ಮ. ತಿದ್ದುಪಡಿಯೂ ಅಲ್ಲೇ ಬರಬೇಕು."

"ಇದು ನಿನ್ನ ಪೇಪರ್ ಅಲ್ಲ ಪುತಾ. ಮನೆ."

"ಅವರು ಮಾತ್ರ ಅಲ್ಲ ಅಮ್ಮ ಕೇಳಿದ್ದು. ಇಪ್ಪತ್ತು ಮಂದಿ ಕೇಳಿದ್ದಾರೆ. ಇನ್ನು ಯಾರು ಯಾವ ಮಾತ್ರೆ ಬಿಟ್ಟಿದ್ದಾರೋ ನಮಗೆ ಗೊತ್ತಿಲ್ಲ."

ಅಮ್ಮ ಎದ್ದು ಅಡಿಗೆಮನೆಗೆ ಹೋದರು. ಮೂರು ದಿನ ಆ ವಿಷಯ ಎತ್ತಲಿಲ್ಲ. ಊಟ ಬಡಿಸಿದರು, ಮಾತ್ರೆ ಕೊಟ್ಟರು. ಅವರು ಕಳೆದುಕೊಳ್ಳುವುದು ಏನೆಂದು ನನಗೆ ಗೊತ್ತಿತ್ತು. ಮಗನ ಬಗ್ಗೆ ದನಿ ಏರಿಸಿ ಮಾತಾಡಿದ ಎರಡು ತಿಂಗಳು.

ಗುರುವಾರ ನಾಲ್ಕಕ್ಕೆ ಎಲ್ಲರೂ ಬಂದರು. ಎಂದಿಗಿಂತ ಹೆಚ್ಚು ಜನ. ಜ್ವರ ಬಿಟ್ಟ ಸ್ಟ್ಯಾನಿ ಏನು ಹೇಳುತ್ತಾನೆ ಎಂದು ಕೇಳಲು. ಜುಲಿಯಾನಾ ಬಾಯಿ ಕಾರ್ಕಳದಿಂದ ಬಂದು ಬಾಗಿಲ ಪಕ್ಕ ಕೂತಿದ್ದರು. ಅವರ ಹೆಸರು ಹೇಳಲು ಮೊದಲೇ ಅನುಮತಿ ಕೇಳಿದ್ದೆ. "ಹೇಳು" ಎಂದಿದ್ದರು. "ಪಾಚಿಯ ಮೇಲಿನ ತಪ್ಪಾದರೂ ಹೋಗಲಿ."

ಕುರ್ಚಿಯಲ್ಲಿ ಕೂತು, ಬರೆದುಕೊಂಡಿದ್ದ ಕಾಗದ ತೆಗೆದೆ.

"ಈ ಕುರ್ಚಿಯಲ್ಲಿ ಕೂತು ನಾನು ಕಂಡೆನೆಂದ ಬೆಳಕು ಗಾಂಜಾ ಸೇದಿ ಬಂದ ಕಾಯಿಲೆ; ಜುಲಿಯಾನಾ ಬಾಯಿಗೆ ಮಾತ್ರೆ ಬೇಡ ಎಂದದ್ದು ತಪ್ಪು; ಅದರಿಂದ ಅವರು ಎರಡು ಸಲ ಬಿದ್ದರು. ನನ್ನ ಮಾತು ಕೇಳಿ ಯಾರಾದರೂ ಯಾವುದೇ ಮದ್ದು ಬಿಟ್ಟಿದ್ದರೆ ಇವತ್ತೇ ಡಾಕ್ಟರಿಗೆ ತೋರಿಸಬೇಕು. ವಿಷಾದಿಸುತ್ತೇನೆ."

ಮೂರು ವಾಕ್ಯ. ಕಾಗದ ಮಡಚಿದೆ.

ಹಿಂದಿನ ಸಾಲಿನಲ್ಲಿ ಯಾರೋ ಕೊಡೆ ಬೀಳಿಸಿದರು. ಸಾಕ್ಷ್ಯ ಮುಗಿದರೆ ಹಾಡಬೇಕು; ಆದರೆ ಇದು ಸಾಕ್ಷ್ಯವೋ ಅಲ್ಲವೋ ಎಂದು ಅವರಿಗೆ ತಿಳಿಯಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಅಮ್ಮನ ಕಡೆ ನೋಡಿದರು. ಅಮ್ಮ ನೆಲ ನೋಡುತ್ತಿದ್ದರು. ನನಗೆ ಎದ್ದು ಒಳಗೆ ಹೋಗೋಣ ಎನಿಸಿತು. ಹೋಗಲಿಲ್ಲ. ತಿದ್ದುಪಡಿ ಹಾಕಿದ ಪತ್ರಿಕೆ ಮರುದಿನವೂ ಅಂಗಡಿಯಲ್ಲಿ ನೇತಾಡುತ್ತಿರಬೇಕು.

ಅಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತರು. ಹಾಡು ಎತ್ತಿಕೊಂಡರು. ಮೊದಲ ಸಾಲು ಒಬ್ಬರೇ, ಶ್ರುತಿ ಬಿಟ್ಟು. ಎರಡನೆಯ ಸಾಲಿಗೆ ಬಾಗಿಲ ಪಕ್ಕದಿಂದ ಜುಲಿಯಾನಾ ಬಾಯಿ ಸೇರಿಕೊಂಡರು. ಮೂರನೆಯದಕ್ಕೆ ಎಲ್ಲರೂ.

ಕೂಟ ಮುಗಿದ ಮೇಲೆ ಇಬ್ಬರು ಬಂದು ನನ್ನ ಹತ್ತಿರ ತಗ್ಗಿದ ದನಿಯಲ್ಲಿ ಮಾತಾಡಿದರು. ಒಬ್ಬರು ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಿದ್ದರು. ಇನ್ನೊಬ್ಬರು ಏನೂ ಬಿಟ್ಟಿರಲಿಲ್ಲ. ಅವರ ಮಗ ಹಾಸ್ಟೆಲಿನಲ್ಲಿದ್ದ, ಊಟ ಬಿಟ್ಟಿದ್ದ, ಅವನಿಗೂ ಏನೇನೋ ಕಾಣುತ್ತಿತ್ತು. ಯಾವ ಡಾಕ್ಟರು, ಯಾವ ದಿನ ಸಿಗುತ್ತಾರೆ ಎಂದು ಕೇಳಿದರು. ಬರೆದುಕೊಟ್ಟೆ.

ಕೆಲವರು ಕೂಟಕ್ಕೆ ಬರುವುದನ್ನು ಬಿಟ್ಟರು. ಚರ್ಚಿನ ಅಂಗಳದಲ್ಲಿ ಕೆಲವು ಬೆನ್ನುಗಳು ತಿರುಗಿದವು. ಅಮ್ಮ ಅವರೆದುರಿಗೇ ನಡೆದು ಹೋಗುತ್ತಿದ್ದರು. ಯಾರೋ "ನಿಮ್ಮ ಮಗನಿಗೆ ಈಗ ಹೇಗುಂಟು?" ಎಂದು ಮೆಲ್ಲಗೆ ಕೇಳಿದರೆ ಗಟ್ಟಿಯಾಗಿಯೇ ಉತ್ತರ: "ಪೇಪರಿನಲ್ಲಿ ಉಂಟು. ಮಾತ್ರೆ ತೆಗೆದುಕೊಳ್ಳುತ್ತಾನೆ. ಸೇದುವುದಿಲ್ಲ." ಆ ಮೂರು ವಾಕ್ಯಗಳ ಬಗ್ಗೆ ನನಗಿರುವಷ್ಟು ಹೆಮ್ಮೆ ನನ್ನ ಹೆಸರಿನಲ್ಲಿ ಬಂದ ಯಾವ ಮುಖಪುಟದ ಸುದ್ದಿಯ ಬಗ್ಗೆಯೂ ಇಲ್ಲ.

ಅಕ್ಟೋಬರಿನಲ್ಲಿ ಕೆಲಸಕ್ಕೆ ಹಿಂದಿರುಗಿದೆ. ಭಟ್ಟರು ಏನೂ ಕೇಳದೆ ಠಾಣೆಗಳ ಫೋನ್ ನಂಬರುಗಳ ಹಾಳೆಯನ್ನು ನನ್ನ ಕಡೆ ತಳ್ಳಿದರು. ಮಣಿಪಾಲದ ಕೋಣೆ ಬಿಟ್ಟೆ. ಬಸ್ಸಿಗೆ ಹೊಂದಿಕೆಯಾಗುವಂತೆ ಅವರೇ ನನ್ನ ಪಾಳಿ ಬದಲಿಸಿದರು. ಮಾತ್ರೆಯಿಂದ ಮೈ ದಪ್ಪವಾಯಿತು, ಮಧ್ಯಾಹ್ನ ತೂಕಡಿಕೆ. ಎರಡು ಸಲ ಮಣಿಪಾಲದ ಗುಡ್ಡದ ಕಡೆ ಕಾಲು ಎಳೆಯಿತು. ಒಮ್ಮೆ ಅಲ್ಲಿಯವರೆಗೂ ಹೋಗಿ, ಎಸ್.ಟಿ.ಡಿ. ಬೂತಿನಿಂದ ಜುಲಿಯಾನಾ ಬಾಯಿಯ ಪಕ್ಕದ ಮನೆಗೆ ಫೋನು ಮಾಡಿ ಅವರನ್ನು ಕರೆಸಿ, "ಬಾಯಿ, ಮಾತ್ರೆ ಆಯಿತಾ?" ಎಂದು ಕೇಳಿದೆ. "ನನ್ನದು ಆಯಿತು" ಎಂದರು. "ನಿನ್ನದು?" ಹಿಂದೆ ಬಂದೆ. ಎರಡು ವರ್ಷದ ಮೇಲೆ ವೈದ್ಯೆ ನನ್ನ ಮಾತ್ರೆ ಮೆಲ್ಲ ಮೆಲ್ಲನೆ ನಿಲ್ಲಿಸಿದರು. ಇಂದಿನವರೆಗೆ ಕಾಯಿಲೆ ಮರಳಿಲ್ಲ. ಜುಲಿಯಾನಾ ಬಾಯಿ ಮತ್ತೆ ಬಿದ್ದಿಲ್ಲ.

ದೇವರು ಏನಾದ ಎಂದು ಕೆಲವರು ಕೇಳುತ್ತಾರೆ. ಹೆಚ್ಚಾಗಿ ಬೆಂಚಿನಲ್ಲಿ ಕೂತವರು, ತಮಗೂ ಬೆಳಕು ಹೋಗಿಬಿಡುತ್ತದೆ ಎಂಬ ಭಯದಲ್ಲಿ. ಅವರಿಗೆ ಸುಳ್ಳು ಹೇಳುವುದಿಲ್ಲ. ಹೋಗುತ್ತದೆ. ಆಮೇಲೆ ಬಹಳ ಕಾಲ ಏನೂ ಇರುವುದಿಲ್ಲ. ನಾನು ಸಂಜೆ ಅಮ್ಮನ ಜತೆ ಜಪಸರ ಹಿಡಿದು ಕೂರುತ್ತೇನೆ. ಮಣಿಗಳು ಬೆಚ್ಚಗಾಗುವುದಿಲ್ಲ, ಹೆದರಿಸುವುದೂ ಇಲ್ಲ. ಐವತ್ತು ಮಣಿ ಮುಗಿಸಿ ಎದ್ದು ಊಟ ಮಾಡುತ್ತೇವೆ. ಅಮ್ಮ ನಡುವೆ ಕೆಮ್ಮಿದರೆ ನನಗೆ ಕೇಳಿಸುತ್ತದೆ. ಬೆಳಕು ಇದ್ದಾಗ ಕೇಳಿಸುತ್ತಿರಲಿಲ್ಲ.

ಆ ನೋಟುಪುಸ್ತಕದಲ್ಲಿ ಕೊನೆಗೆ ಅರ್ಧ ಪುಟ ಖಾಲಿ ಉಳಿದಿತ್ತು. ಮಾತ್ರೆ ಪೂರ್ತಿ ನಿಂತ ದಿನ, ಜಪ ಮುಗಿಸಿ, ಅಲ್ಲಿ ಒಂದು ಸಾಲು ಸೇರಿಸಿದೆ. ಅಕ್ಷರಗಳು ನೆಟ್ಟಗಿವೆ.

"ಗುರುವಾರ. ಕಾಪು. ಪ್ರಾರ್ಥಿಸಿದೆವು. ವಿಶೇಷ ಇಲ್ಲ."